ಏಳು ಬೊಟ್ಟು ಎಣ್ಣೆ

ಮೂರು ತಿಂಗಳ ಮೇಲೆ ಇವತ್ತು ಎಣ್ಣೆಸ್ನಾನ. ಹರಳೆಣ್ಣೆಗೆ ಸ್ವಲ್ಪ ಕೊಬ್ಬರಿ ಎಣ್ಣೆ ಬೆರೆಸಿ, ಬೆಚ್ಚಗೆ ಮಾಡಿ, ನೆತ್ತಿಗೆ ತಟ್ಟಿಕೊಂಡು ಅರ್ಧ ಗಂಟೆ ಸುಮ್ನೆ ಕೂತೆ. ಕೈಯೆಲ್ಲ ಜಿಡ್ಡು, ಫೋನ್ ಮುಟ್ಟುವ ಹಾಗಿಲ್ಲ. ಧ್ಯಾನದ ಆ್ಯಪ್‌ನಿಂದ ಆಗದ ಕೆಲಸ ಅದು.

ನರಕ ಚತುರ್ದಶಿಯ ಬೆಳಗ್ಗೆ ಅಮ್ಮ ನಮ್ಮನ್ನು ಮಣೆ ಮೇಲೆ ಕೂರಿಸಿ, ಮೊದಲು ನೆಲಕ್ಕೆ ಏಳು ಬೊಟ್ಟು ಎಣ್ಣೆ ಇಡಿಸುತ್ತಿದ್ದರು. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ. ಚಿರಂಜೀವಿಗಳದ್ದು ಆದಮೇಲೆ ನಮ್ಮ ತಲೆ. ಸಾವೇ ಇಲ್ಲದವರಿಗೂ ವರ್ಷಕ್ಕೊಮ್ಮೆ ಎಣ್ಣೆ ಬೇಕು ನೋಡಿ! ಇವತ್ತು ಹಬ್ಬವಲ್ಲ, ಆದರೂ ಬಾತ್‌ರೂಮಿನ ಟೈಲ್ಸ್ ಮೇಲೆ ಏಳು ಬೊಟ್ಟು ಇಟ್ಟೆ. ಕೃಪನ ಹೆಸರು ನೆನಪಾಗಲೇ ಇಲ್ಲ. ಕೊನೆಗೆ ಜಿಡ್ಡಿನ ಕೈಯಲ್ಲೇ ಅಮ್ಮನಿಗೆ ಫೋನ್.

ದೇವರಿಗೆ ಅಭಿಷೇಕ ಮಾಡುವಾಗಿನ ನಿಧಾನ ನನ್ನ ತಲೆಗೆ ಯಾಕೆ ಸಿಗಲ್ಲ? ದಿನಾ ಎರಡು ನಿಮಿಷ ಶಾಂಪೂ, ಆಮೇಲೆ ಓಟ. ಶ್ರವಣಬೆಳಗೊಳದ ಗೊಮ್ಮಟನಿಗೆ ಮಹಾಮಸ್ತಕಾಭಿಷೇಕ 12 ವರ್ಷಕ್ಕೊಮ್ಮೆ. ಆ ಲೆಕ್ಕದಲ್ಲಿ ನಂದು ಪರವಾಗಿಲ್ಲ ಅಲ್ವಾ?

ಸೀಗೆಪುಡಿ ಕಣ್ಣಿಗೆ ಬಿತ್ತು. ಅದೇ ಹಳೇ ಉರಿ. ಈಗ ತಿಳಿಸಾರು ಅನ್ನ, ಆಮೇಲೆ ನಿದ್ದೆ.