ಇಷ್ಟು ಚಂದದ ಮರಕ್ಕೆ ಬಣ್ಣ ಯಾಕೆ?

ಶಿರಸಿಯ ನಮ್ಮ ಮನೆ ಜಗಲಿಯಲ್ಲಿ ಕೂತು ಮರ ಕೆತ್ತುತ್ತೇನೆ, ಆಮೇಲೆ ಅದಕ್ಕೆ ಬಣ್ಣ ಹಚ್ಚುತ್ತೇನೆ. ಹೊರಗಿನಿಂದ ಬಂದವರು ಕೇಳುವುದು ಹೆಚ್ಚಾಗಿ ಒಂದೇ ಮಾತು: "ಮರವೇ ಇಷ್ಟು ಚಂದ ಇತ್ತು, ಬಣ್ಣ ಯಾಕೆ ಬಳಿದಿರಿ?"

ಅವರ ತಲೆಯಲ್ಲಿರುವುದು ಶ್ರೀಗಂಧ. ಅದಕ್ಕೆ ನಾನೂ ಬಣ್ಣ ಮುಟ್ಟಿಸುವುದಿಲ್ಲ. ಗುಡಿಗಾರರು ಕೆತ್ತಿದ ಗಂಧದ ಪೆಟ್ಟಿಗೆಯ ಮುಚ್ಚಳ ತೆಗೆದರೆ ಪರಿಮಳವೇ ಅರ್ಧ ಕೆಲಸ ಮಾಡುತ್ತದೆ. ನಾನು ಕೆತ್ತುವುದು ಶಿವನೆ ಮರ. ಹಗುರ, ಉಳಿಯ ಮಾತು ಕೇಳುತ್ತದೆ, ಒಣಗಿದ ಮೇಲೆ ಸೊಟ್ಟಗಾಗುವುದು ಕಮ್ಮಿ. ಬಣ್ಣ ಮಾತ್ರ ಬಿಳಿಚು, ಸಪ್ಪೆ.

ನಮ್ಮೂರಿನವರು ಇದನ್ನು ಕೇಳುವುದೇ ಇಲ್ಲ. ಮಾರಿಕಾಂಬೆಯದು ಮರದ ಮೂರ್ತಿಯೇ ಅಲ್ವಾ? ಎರಡು ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಆ ಕೆಂಪು ಮುಖದ ಎದುರು ನಿಂತಾಗ ಒಳಗೆ ಯಾವ ಮರ ಎಂದು ಯಾರು ಯೋಚಿಸುತ್ತಾರೆ? ಯಕ್ಷಗಾನದ ಕಿರೀಟ, ಭುಜಕೀರ್ತಿಗಳೂ ಹಗುರ ಮರದವೇ. ಮೇಲೆ ಅಂಟಿಸುವ ಹೊಳೆಯುವ ಬೇಗಡೆ ಇಲ್ಲದೆ ಅವನ್ನು ಕಟ್ಟಿಕೊಂಡು ಬಂದರೆ ಕೌರವನೂ ಬಡಗಿಯ ಅಂಗಡಿಯಿಂದ ಎದ್ದು ಬಂದ ಹಾಗೆ ಕಾಣುತ್ತಾನೆ.

ಇನ್ನೊಂದು ವಿಷಯ. ಬಣ್ಣ ಕೊನೆಗೆ ಬರುವುದಲ್ಲ. ಉಳಿ ಹಿಡಿಯುವಾಗಲೇ ಎಲ್ಲಿ ನಿಲ್ಲಿಸಬೇಕು ಎಂದು ನೋಡಿಕೊಳ್ಳುತ್ತೇನೆ. ರೆಪ್ಪೆ ಕೆತ್ತುತ್ತೇನೆ, ಕಣ್ಣಿನ ಗುಡ್ಡೆಯನ್ನು ನುಣ್ಣಗೆ ಬಿಡುತ್ತೇನೆ. ಅದು ಕುಂಚದ ಪಾಲು. ಮೂಗಿನ ಹೊಳ್ಳೆ, ತುಟಿಯ ಸಂದು ಬೇಕಾದ್ದಕ್ಕಿಂತ ಸ್ವಲ್ಪ ಆಳ ತೆಗೆಯಬೇಕು. ಬಣ್ಣಕ್ಕೆ ಮೊದಲು ಬಳಿಯುವ ಅಸ್ತರು, ಅದರ ಮೇಲೆ ಎರಡು ಮೂರು ಕೈ ಬಣ್ಣ ಬಿದ್ದಾಗ ಸಣ್ಣ ಗೆರೆಗಳು ತುಂಬಿಹೋಗುತ್ತವೆ. ಚೂಪಾದ ಅಂಚುಗಳನ್ನು ಉಜ್ಜಿ ಮೊಂಡು ಮಾಡಬೇಕು, ಬಣ್ಣ ಮೊದಲು ಎದ್ದುಬರುವುದು ಅಲ್ಲೇ. ಹಾಗಾಗಿ ಬಣ್ಣಕ್ಕೆಂದು ಕೆತ್ತಿದ ಮುಖವನ್ನು ಬರೀ ಮರವಾಗಿ ನೋಡಿದರೆ ಒರಟು ಕಾಣುತ್ತದೆ.

ಬಣ್ಣ ಹುಳುಕು ಮುಚ್ಚುತ್ತದೆ ಎನ್ನುವವರೂ ಇದ್ದಾರೆ. ಮುಚ್ಚುತ್ತದೆ, ಆದರೆ ಒಂದು ಮಳೆಗಾಲದ ಮಟ್ಟಿಗೆ. ಶುರುವಿನಲ್ಲಿ ಅವಸರಪಟ್ಟು ಹಲಸಿನ ಹಲಗೆಗೆ ನವಿಲು ಕೆತ್ತಿ ಬಣ್ಣ ಹಚ್ಚಿದ್ದೆ. ಪಕ್ಕದ ಮನೆ ಹೆಗಡೇರು ಬೆರಳಿನಿಂದ ತಟ್ಟಿ ನೋಡಿ, "ತಮಾ, ಇದು ಇನ್ನೂ ಒಣಗಿದ್ದಿಲ್ಲೆ" ಎಂದಿದ್ದರು. ಕೇಳಲಿಲ್ಲ. ಬೇಸಿಗೆಗೆ ನವಿಲಿನ ಕುತ್ತಿಗೆಯಿಂದ ಬಾಲದವರೆಗೆ ಬಿರುಕು. ನೀಲಿ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು.

ಹೋದ ವರ್ಷ ಒಬ್ಬರು ಬಣ್ಣ ಬೇಡವೇ ಬೇಡ ಎಂದು ಹಟ ಹಿಡಿದು ಶಿವನೆಯ ಒಂದು ಮುಖ ಒಯ್ದರು. ಎರಡು ತಿಂಗಳಿಗೆ ಫೋನ್ ಬಂತು. "ಸುಮ್ನೆ ಗೋಡೆ ನೋಡಿದ ಹಾಗಾಗ್ತದೆ. ಕಣ್ಣೊಂದು ಬರೆದು ಕೊಡ್ತೀರಾ?"