ಸೆನ್ಸರ್ ಮೇಲಿನ ಅಪವಾದ

ನವಿ ಮುಂಬಯಿಯ ಕಳಂಬೊಳಿಯ ಗ್ಯಾರೇಜಿಗೆ ಇಂದು ಬಂದ ಹುಬ್ಬಳ್ಳಿ ಲಾರಿಯಲ್ಲಿ ರೈಲ್ ಪ್ರೆಶರ್ (ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ‘ರೈಲ್’ ಎಂಬ ಕೊಳವೆಯೊಳಗಿನ ಒತ್ತಡ) ಕಡಿಮೆಯೆಂದು ಯಾರೋ ಅದನ್ನು ಅಳೆಯುವ ಸೆನ್ಸರನ್ನು ಆಗಲೇ ಬದಲಾಯಿಸಿದ್ದರು. ಆದರೂ ಅದು ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು.

ನಮ್ಮ ಮೇಸ್ತ್ರಿಯವರು ಸಿಲಿಂಡರುಗಳಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳಿಂದ ಮಿಕ್ಕ ಡೀಸೆಲನ್ನು ಹಿಂದಕ್ಕೆ ಒಯ್ಯುವ ರಿಟರ್ನ್ ಪೈಪುಗಳನ್ನು ಬಿಚ್ಚಿ, ಒಂದೊಂದಕ್ಕೂ ಪ್ಲಾಸ್ಟಿಕ್ ಬಾಟಲಿ ಕಟ್ಟಿ, ಇಂಜಿನ್ ತಿರುಗಿಸಿದರು. ಉಳಿದ ಬಾಟಲಿಗಳ ತಳ ಒದ್ದೆಯಾಗುವಷ್ಟರಲ್ಲಿ ನಾಲ್ಕನೆಯ ಸಿಲಿಂಡರಿನದು ಅರ್ಧ ತುಂಬಿತ್ತು.

ಸ್ಟಾರ್ಟ್ ಆಗಬೇಕಾದರೆ ಸಾಮಾನ್ಯವಾಗಿ ರೈಲಿನಲ್ಲಿ ಸುಮಾರು 200 ಬಾರ್ ಒತ್ತಡವಾದರೂ ಬೇಕು; ಒಳಗಿನ ವಾಲ್ವ್ ಸವೆದ ಇಂಜೆಕ್ಟರ್ ಡೀಸೆಲನ್ನೆಲ್ಲ ಹಿಂದಕ್ಕೇ ಬಿಟ್ಟರೆ ಅದು ಏರುವುದಾದರೂ ಹೇಗೆ?

ಸೆನ್ಸರ್, ಪಾಪ, ನಿಜವನ್ನೇ ಹೇಳುತ್ತಿತ್ತು. ಇಂಜಿನ್ ನಿಂತಿರುವಾಗ ಕೀ ಮಾತ್ರ ಆನ್ ಮಾಡಿ ನೋಡಿದಾಗ ರೀಡಿಂಗ್ ಸೊನ್ನೆಯ ಆಸುಪಾಸಿನಲ್ಲಿದ್ದರೆ, ಅದನ್ನು ಬಿಚ್ಚಲು ಅವಸರಪಡಬಾರದೆಂಬುದು ನನ್ನ ಅಭಿಪ್ರಾಯ.

ಹೊಸ ಇಂಜೆಕ್ಟರಿನ ಕೋಡನ್ನು ಇಸಿಯುಗೆ (ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿಗೆ) ತುಂಬುವ ಕೆಲಸ ನಾಳೆಗಿದೆ.