ಬಚ್ಚಲ ಒಲೆಯ ಕೆಂಡ

ಮೂರು ದಿನದಿಂದ ಮಳೆ. ಕರೆಂಟ್ ಇಲ್ಲ. ಮಡಿಕೇರಿ ರಸ್ತೆಯಲ್ಲಿ ಲೈನ್ ಮೇಲೆ ಮರ ಬಿದ್ದಿದೆಯಂತೆ. ಲೈನ್‌ಮನ್‌ಗಳ ಪಾಡು ಯಾರಿಗೂ ಬೇಡ. ನಿನ್ನೆ ರಾತ್ರಿ ಬಚ್ಚಲ ಒಲೆಯ ಸೌದೆ ಹೊರಗೆಳೆದು ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಹಂಡೆ ನೀರು ಇನ್ನೂ ಬಿಸಿ! ಬೂದಿಯೊಳಗೆ ಕೆಂಡ ಸುಮ್ನೆ ಕೂತಿತ್ತು.

ಅಣು ರಿಯಾಕ್ಟರ್ ಕೂಡ ಹೀಗೇ. ನಿಲ್ಲಿಸಿದ ಕೂಡಲೇ ತಣ್ಣಗಾಗುವುದಿಲ್ಲ. ಯುರೇನಿಯಂ ಒಡೆಯುವುದು ನಿಂತರೂ ಒಡೆದ ಚೂರುಗಳು ಶಾಖ ಬಿಡುತ್ತಲೇ ಇರುತ್ತವೆ. ನಿಲ್ಲಿಸಿದ ಕ್ಷಣದಲ್ಲಿ ಪೂರ್ತಿ ಶಾಖದ ಶೇ 6-7ರಷ್ಟು, ಒಂದು ದಿನ ಕಳೆದರೂ ಶೇ 0.5ರ ಆಸುಪಾಸು. ಕಮ್ಮಿ ಅನಿಸುತ್ತದೆ, ಅಲ್ವಾ? ದೊಡ್ಡ ರಿಯಾಕ್ಟರಿನ ಪೂರ್ತಿ ಶಾಖ ಅಂದರೆ ಸಾವಿರಾರು ಮೆಗಾವ್ಯಾಟ್! ಕೆಂಡಕ್ಕಾದರೆ ಒಂದು ಚೊಂಬು ನೀರು ಸಾಕು. ಇದಕ್ಕೆ ದಿನಗಟ್ಟಲೆ ನೀರು ಹರಿಯುತ್ತಲೇ ಇರಬೇಕು, ಪಂಪಿಗೆ ಕರೆಂಟೂ ಬೇಕು.

2011ರ ಮಾರ್ಚ್ 11ರಂದು ಭೂಕಂಪವಾದಾಗ ಜಪಾನಿನ ಫುಕುಶಿಮಾ ಅಣು ಸ್ಥಾವರದಲ್ಲಿ ಓಡುತ್ತಿದ್ದ ರಿಯಾಕ್ಟರ್‌ಗಳು ತಾವಾಗಿಯೇ ನಿಂತವು. ಹೊರಗಿನ ಕರೆಂಟ್ ಹೋಯಿತು. ಡೀಸೆಲ್ ಜನರೇಟರ್‌ಗಳು ಶುರುವಾದವು. ಆಮೇಲೆ ಬಂತು ಸುನಾಮಿ. ಹೆಚ್ಚಿನ ಜನರೇಟರ್‌ಗಳು ಇದ್ದದ್ದು ನೆಲಮಾಳಿಗೆಯಲ್ಲಿ.

ನಮ್ಮ ತೋಟದ ಜನರೇಟರ್ ಇರುವುದೂ ತಗ್ಗಿನ ಶೆಡ್ಡಿನಲ್ಲೇ, ತೋಡಿನ ಪಕ್ಕ. ಮೇಲಕ್ಕೆ ಸಾಗಿಸೋಣ ಅಂತ ಪ್ರತಿ ಬೇಸಿಗೆಯಲ್ಲೂ ಅಂದುಕೊಳ್ಳುತ್ತೇವೆ. ಮೊನ್ನೆ ಅದಕ್ಕೂ ನೀರು ನುಗ್ಗಿತು.

ಫೋನಿನಲ್ಲಿ ಚಾರ್ಜ್ ಶೇ 9. ಹಂಡೆ ನೀರು ಆರುವ ಮೊದಲು ಸ್ನಾನಕ್ಕೆ ಹೊರಟೆ.